ನಮ್ಮ ಮನೆಯ ಬಡತನದ ಸಿನಿಮಾ

ಅಭಿಪ್ರಾಯ ಕೇಳುವುದು ಒಳ್ಳೆಯ ಅಭ್ಯಾಸವಲ್ಲ ಎಂಬುದನ್ನು ನಾನು ಮದುವೆಯಾದ ಹೊಸದರಲ್ಲೇ ಕಲಿತೆ. ಭಾಲ್ಕಿಯಿಂದ ಗಡಿಯಾಚೆಯ ತುರೋರಿಗೆ ಸೊಸೆಯಾಗಿ ಬಂದವಳು ಮೊದಲ ಸಲ ಬದನೆಕಾಯಿ ಎಣಗಾಯಿ ಮಾಡಿ ಬಡಿಸಿ, "ಹ್ಯಾಂಗ ಆಗ್ಯಾದ್ರೀ?" ಎಂದು ಕೇಳಿದ್ದೆ. ನಮ್ಮವರು ಬಹಳ ಹೊತ್ತು ಯೋಚಿಸಿ "ಬಿಸಿ ಅದ" ಎಂದರು. ಅತ್ತೆ ತುಸು ಉದಾರಿ. "ನಿಮ್ಮ ಕಡೆ ಹಿಂಗೇ ಮಾಡ್ತಾರೇನು?" ಎಂದರು. ಅಂದಿನಿಂದ ನಾನು ಬಡಿಸುತ್ತೇನೆ, ಕೇಳುವುದಿಲ್ಲ. ಆದರೆ ನನ್ನ ಮೈದುನ ಮಹಾಂತೇಶನಿಗೆ ಈ ಜ್ಞಾನ ಇನ್ನೂ ಬಂದಿರಲಿಲ್ಲ. ಪುಣೆಯಲ್ಲಿ ಸಿನಿಮಾ ಓದಿ, ಗಡ್ಡ ಬಿಟ್ಟುಕೊಂಡು ಊರಿಗೆ ಬಂದ ಅವನು ಒಂದು ಸಿನಿಮಾ ತೆಗೆದು, ಅದು ಹೇಗಿದೆಯೆಂದು ಇಡೀ ಊರನ್ನೇ ಕೇಳಿಬಿಟ್ಟ.

ಸಿನಿಮಾದ ವಿಷಯ ಹಳ್ಳಿಯ ಬಡತನ. ಯಾವ ಕಂಪನಿಯ ಹಂಗೂ ಇಲ್ಲದ ಸ್ವತಂತ್ರ ಸಿನಿಮಾ. ಅಂದರೆ ಸಂಬಳವಿಲ್ಲದೆ ನಟಿಸುವವರು ಬೇಕು. ಅಂಥವರು ಮನೆಯಲ್ಲೇ ಇಬ್ಬರಿದ್ದೆವು. ಅತ್ತೆ ಬಡ ಮುದುಕಿ, ನಾನು ಅವಳ ಸೊಸೆ. ತೊಡಕಿದ್ದದ್ದು ಒಂದೇ: ನಮ್ಮ ಮನೆ ಬಡತನಕ್ಕೆ ಒಗ್ಗುವಂತಿರಲಿಲ್ಲ. ಮೇಲೊಂದು ಮಾಳಿಗೆ, ಕೆಳಗೆ ಟೈಲ್ಸು, ಮೂಲೆಯಲ್ಲಿ ಫ್ರಿಜ್ಜು. ಕೊನೆಗೆ ಹಿತ್ತಲಿನ ಹಳೆಯ ದನದ ಕೊಟ್ಟಿಗೆಯನ್ನು ಗುಡಿಸಿ, ಅದನ್ನೇ ನಮ್ಮ ಮನೆ ಮಾಡಿದ. ಅತ್ತೆಗೆ ಹರಿದ ಸೀರೆ ಉಡಿಸಲು ಒಂದು ಬೆಳಗು ಪೂರ್ತಿ ಹಿಡಿಯಿತು. "ನಾ ಏನ್ ಹರಕ್ ಉಟ್ಟಾಕಿ ಏನೋ?" ಎಂದು ಅವರು ಮಗನನ್ನು ಬೈಯುತ್ತಿದ್ದಾಗ ನಾನು ಚಹಾ ತಂದೆ. ಮಹಾಂತೇಶ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಣ್ಣರಳಿಸಿ, "ವೈನಿ, ಹಿಂಗೇ ಇರ್ರಿ! ಏನೂ ಬದಲ್ ಮಾಡಬ್ಯಾಡ್ರಿ!" ಎಂದ. ನಾನು ಉಮರ್ಗಾ ಬಜಾರಿಗೆ ಹೋಗಲೆಂದು ತಯಾರಾಗಿ ನಿಂತಿದ್ದೆ ಎಂಬುದನ್ನು ಅವನಿಗೆ ಹೇಳಲಿಲ್ಲ.

ಸಿನಿಮಾದ ಜೀವಾಳವಾದ ದೃಶ್ಯದಲ್ಲಿ ಮನೆಯಲ್ಲಿ ಉಳಿದಿರುವುದು ಒಂದೇ ಜೋಳದ ರೊಟ್ಟಿ. ಮುದುಕಿ ಅದನ್ನು ಮುರಿದು ಸೊಸೆಗೆ ಅರ್ಧ ಕೊಡಬೇಕು. ಇಷ್ಟೇ. ಆದರೆ ನಮ್ಮ ಅತ್ತೆಗೆ ಬರೀ ರೊಟ್ಟಿ ಕೊಟ್ಟು ಅಭ್ಯಾಸವೇ ಇಲ್ಲ. ಪ್ರತಿ ಸಲವೂ ಕ್ಯಾಮೆರಾ ಶುರುವಾದದ್ದೇ ಸೆರಗಿನ ಮರೆಯಿಂದ ಒಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತೆಗೆದು ತಟ್ಟೆಗೆ ಹಾಕಿಬಿಡುತ್ತಿದ್ದರು.

"ಅವ್ವಾ, ನಾವು ಗರೀಬ್ ಮಂದಿ! ಹಿಂಡಿ ಎಲ್ಲಿಂದ ಬರ್ತದ?" ಎಂದು ಮಹಾಂತೇಶ ಅಳುವುದೊಂದು ಬಾಕಿ.

"ನಿಮ್ಮಪ್ಪ ಇದ್ದಿದ್ರ ಈ ಮಾತು ಆಡ್ತಿದ್ದೇನು? ಸೊಸಿಗಿ ಒಣಾ ರೊಟ್ಟಿ ಕೊಟ್ರ ನೋಡ್ದೋರು ನನಗ ಏನಂತಾರ?"

ಹೀಗೆ ತೆಗೆದದ್ದನ್ನೇ ತೆಗೆದು ಮಧ್ಯಾಹ್ನದ ಊಟದ ಹೊತ್ತೂ ಮೀರಿತು. ಆಮೇಲಾಮೇಲೆ ನಾನು ಆ ರೊಟ್ಟಿಯನ್ನು ನೋಡಿದ ರೀತಿಗೆ ಮಹಾಂತೇಶ ಕುಣಿದಾಡಿಬಿಟ್ಟ.

ಇದೇ ಸಮಯಕ್ಕೆ ಅವನಿಗೆ ಹೆಣ್ಣೂ ನೋಡುತ್ತಿದ್ದೆವು. ಔರಾದ ಶಹಾಜನಿಯ ಕಾಳಿನ ವ್ಯಾಪಾರಿಯೊಬ್ಬರ ಮಗಳು, ಹೆಸರು ಸವಿತಾ, ನಿಲಂಗಾದ ಒಂದು ಶಾಲೆಯಲ್ಲಿ ಶಿಕ್ಷಕಿ. ಅವರು ಮನೆ ನೋಡಲು ಬರುತ್ತೇವೆಂದಾಗ ಮಹಾಂತೇಶ, "ಪಿಕ್ಚರ್ ತೋರಿಸೋ ದಿನಾನೇ ಬರ್ರಿ, ಎರಡೂ ನೋಡಿದಂಗ ಆಗ್ತದ" ಎಂದು ಹೇಳಿ ಕಳಿಸಿದ. ಆ ದಿನ ಅವರ ಬಸ್ಸು ತಡವಾಯಿತು. ಹೀಗಾಗಿ ಮನೆ ನೋಡದೆ ನೇರ ಸಿನಿಮಾ ತೋರಿಸುವ ಮದುವೆ ಹಾಲಿಗೇ ಬಂದು ಕೂತರು.

ಸಿನಿಮಾ ಮುಗಿಯಿತು. ರೊಟ್ಟಿಯ ದೃಶ್ಯಕ್ಕೆ ಹೆಂಗಸರೆಲ್ಲ ಕಣ್ಣೊರೆಸಿಕೊಂಡಿದ್ದರು. ಮಹಾಂತೇಶ ಮೈಕು ಹಿಡಿದು, "ನಿಮ್ಮ ಅಭಿಪ್ರಾಯ ಮನಸು ಬಿಚ್ಚಿ ಹೇಳ್ರಿ" ಎಂದ. ಮೊದಲು ಎದ್ದವರು ಪಕ್ಕದ ಮನೆಯ ಬಾಬುರಾವ್ ಕಾಕಾ. "ಪಿಕ್ಚರ್‌ನ್ಯಾಗ ಎಮ್ಮಿ ಭಾರಿ ಕೆಲಸ ಮಾಡ್ಯಾದ. ಖರೇ ಅದು ನಮ್ಮ ಎಮ್ಮಿ. ಎಲ್ಲಾರ ಹೆಸರು ಬಂತು, ಅದರ ಹೆಸರೇ ಬರಲಿಲ್ಲ" ಎಂದು ಕೂತರು. ಹಿಂದಿನಿಂದ ಯಾರೋ ಒಂದು ಹಾಡೂ ಇಲ್ಲವೆಂದರು. ಉದಗೀರದಿಂದ ಬಂದಿದ್ದ ಪ್ರೊಫೆಸರೊಬ್ಬರು ಮಾತ್ರ ಕಣ್ಣು ಮುಚ್ಚಿಕೊಂಡು, "ನಡುವಿನ ಆ ದೀರ್ಘ ಮೌನ! ಬಡತನಕ್ಕೆ ದನಿಯೇ ಇಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು" ಎಂದರು. ನಮ್ಮವರು ನನ್ನ ಕಿವಿಯಲ್ಲಿ, "ಸ್ಪೀಕರಿನ ವೈರ್ ಕಿತ್ತಿತ್ತು. ನಾನೇ ಹೋಗಿ ಹಚ್ಚಿ ಬಂದೆ" ಎಂದರು.

ಆಗ ಸವಿತಾಳ ತಂದೆ ಎದ್ದು ನಿಂತರು. ಗಂಭೀರ ಮನುಷ್ಯ. ಟೋಪಿ ಸರಿಮಾಡಿಕೊಂಡು, "ಪಿಕ್ಚರ್ ಛಲೋ ಅದ. ಆದ್ರ ನಿಮ್ಮ ಮನಿ ಪರಿಸ್ಥಿತಿ ಇಷ್ಟು ಬಿಗಡಾಯಿಸ್ಯಾದ ಅಂತ ನಮಗ ಯಾರೂ ಹೇಳಿದ್ದಿಲ್ಲ" ಎಂದರು.

ಅತ್ತೆ ಎದ್ದ ರಭಸಕ್ಕೆ ಪಕ್ಕದ ಕುರ್ಚಿ ಉರುಳಿತು. ಮಗನ ಕೈಯಿಂದ ಮೈಕು ಕಸಿದುಕೊಂಡು, "ಅಣ್ಣಾರ, ಅದು ದನದ ಕೊಟ್ಟಿಗಿ! ನಮ್ಮ ಮನಿ ಮುಂದ ಅದ, ಮಾಳಿಗಿ ಮನಿ! ನಡೀರಿ, ಈಗೇ ನಡೀರಿ!" ಎಂದರು. ಬೀಗರಾಗಬೇಕಾದವರು ಮುಂದೆ, ಅಭಿಪ್ರಾಯ ಹೇಳಲು ಬಂದ ಊರೆಲ್ಲ ಹಿಂದೆ, ಮೆರವಣಿಗೆ ನಮ್ಮ ಮನೆಗೆ ಬಂತು. ಅತ್ತೆ ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದರು. ನಳ ತಿರುಗಿಸಿ ನೀರು ಬಿಟ್ಟರು. ಏನೂ ಹಾಕದೆ ಮಿಕ್ಸರನ್ನೂ ಗುರ್ರೆನಿಸಿದರು. ಸವಿತಾಳ ತಂದೆ ಎಲ್ಲವನ್ನೂ ನೋಡಿ, ಗೋಡೆಯನ್ನು ಬೆರಳಿನಿಂದ ಟಕಟಕ ಬಡಿದರು. "ಸಿನಿಮಾ ಮಂದಿ ನೋಡ್ರಿ, ಏನ್ ಬೇಕಾದ್ರೂ ನಿಲ್ಲಿಸ್ತಾರ" ಎಂದು, ಚಹಾ ಕುಡಿದು, ವಿಚಾರ ಮಾಡಿ ತಿಳಿಸುವುದಾಗಿ ಹೇಳಿ ಹೊರಟರು.

ಆ ವಾರ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಪ್ರೊಫೆಸರರು ಇದ್ದಿದ್ದರೆ ಬಹಳ ಮೆಚ್ಚುತ್ತಿದ್ದರು. ಅತ್ತೆ ಮಗನನ್ನು ನನ್ನ ಮೂಲಕವೇ ಊಟಕ್ಕೆ ಕರೆಯುತ್ತಿದ್ದರು. ಮಹಾಂತೇಶ ಅಂಗಳದ ಕಟ್ಟೆಯ ಮೇಲೆ ಕೂತು, "ವೈನಿ, ಎಮ್ಮಿ ಬಗ್ಗೆ ಮಾತಾಡಿದ್ರು, ಮನಿ ಬಗ್ಗೆ ಮಾತಾಡಿದ್ರು. ಹಸಿದ ಮಂದಿ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ" ಎಂದ. ಅವನ ಗಡ್ಡವೂ ಸೊರಗಿದಂತೆ ಕಂಡಿತು. ನನಗೆ ನಿಜವಾಗಿ ಕೆಡುಕೆನಿಸಿತು. ಸಮಾಧಾನ ಹೇಳಲು ತಿಳಿಯದೆ, "ಬಿಸಿ ಅದ, ಉಣ್ಣು ಬಾ" ಎಂದೆ.

ಔರಾದದಿಂದ ಸುದ್ದಿ ಬಂದಾಗ ನಾವು ಆಸೆ ಬಿಟ್ಟಿದ್ದೆವು. ಒಪ್ಪಿದ್ದರು! ತಂದೆಗೆ ಮನಸ್ಸಿರಲಿಲ್ಲವಂತೆ, ಹಟ ಹಿಡಿದವಳು ಸವಿತಾ. "ಮನಿ ಹೆಂಗಸರು ಉಂಡ್ರೋ ಇಲ್ಲೋ ಅಂತ ನೋಡೋ ಗಂಡಸು ಎಲ್ಲಿ ಸಿಗ್ತಾನ? ನನಗ ಈ ಹುಡುಗನೇ ಇರಲಿ" ಎಂದಳಂತೆ. ಮಹಾಂತೇಶ ಕ್ಯಾಮೆರಾ ಕೈಯಲ್ಲಿದ್ದಾಗ ಮಾತ್ರ ಇದನ್ನೆಲ್ಲ ನೋಡುತ್ತಾನೆ ಎಂಬ ಗುಟ್ಟನ್ನು ನಾವು ಯಾರೂ ಬಿಟ್ಟುಕೊಡಲಿಲ್ಲ. ಮದುವೆ ಆಯಿತು.

ನನ್ನ ನೆಗೆಣ್ಣಿಯಾಗಿ ಬಂದ ಸವಿತಾ ಮೊದಲ ದಿನವೇ ಅಡುಗೆಮನೆ ಹೊಕ್ಕು ರೊಟ್ಟಿ ಬಡಿದಳು. ಹಂಚಿನಿಂದಿಳಿದ ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, "ಅಕ್ಕಾ, ಎಲ್ಲಾರ್ಕಿಂತ ಮೊದಲ ನೀವು ಉಣ್ರಿ. ಆ ರೊಟ್ಟಿ ನೋಡಿದ ನಿಮ್ಮ ಕಣ್ಣು ನಾ ಮರ್ತಿಲ್ಲ. ಅದು ನಟನಾ ಅಲ್ಲ, ನನಗ ಗೊತ್ತದ" ಎಂದಳು. ಹೇಳುತ್ತ ಅತ್ತೆಯ ಕಡೆ ಹೇಗೆ ನೋಡಿದಳೆಂದರೆ, ಅವರು ಗಡಬಡಿಸಿ ಎದ್ದು ನನ್ನ ರೊಟ್ಟಿಗೆ ಒಂದು ಸೌಟು ತುಪ್ಪ ಸುರಿದರು.

ಈ ಮನೆಗೆ ಬಂದಾಗಿನಿಂದ ನನಗೆ ಬಿಸಿ ರೊಟ್ಟಿ ಬಡಿಸಿದವರು ಯಾರೂ ಇರಲಿಲ್ಲ. ಎಲ್ಲರದಾದ ಮೇಲೆ ಆರಿದ್ದನ್ನು ಉಣ್ಣುವುದೇ ನನ್ನ ಪಾಲು. ಆದರೂ ನಾನು ಸತ್ಯವಂತರ ಮನೆಯ ಮಗಳು. ಆ ದೃಶ್ಯ ತೆಗೆದ ದಿನ ಮಧ್ಯಾಹ್ನದ ಊಟ ತಪ್ಪಿತ್ತು, ಅಷ್ಟೇ, ಅತ್ತೆಯದೇನೂ ತಪ್ಪಿಲ್ಲ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ರೊಟ್ಟಿ ಹೋಯಿತು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದೆಂದು ನಮ್ಮ ತಾಯಿ ಕಲಿಸಿದ್ದಾರೆ. ಈಗ ದಿನಾಲೂ ಸವಿತಾ ಬಡಿಸುತ್ತಾಳೆ, ದಿನಾಲೂ ನಾನು ಹೇಳಲು ಬಾಯಿ ತೆರೆಯುತ್ತೇನೆ.