ಡೋರತಿಯವರಿಗೆ ಅರ್ಥವಾಗಿಬಿಟ್ಟಿತು

ಬೈಬಲ್ಲನ್ನು ಆಡುಮಾತಿನ ಇಂಗ್ಲಿಷಿಗೆ ತಂದ ಕಥೆಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ: ಪಂಡಿತರು ಬೀಗ ಹಾಕಿಟ್ಟಿದ್ದರು, ಧೈರ್ಯವಂತರು ಒಡೆದರು, ಹೊಲ ಉಳುವವನಿಗೂ ಅರ್ಥವಾಯಿತು, ಎಲ್ಲರೂ ಸುಖವಾಗಿದ್ದರು. ಸುಖವಾಗಿದ್ದರೆಂಬುದಕ್ಕೆ ಸಾಕ್ಷಿಯೇನು? ಭಾಷಾಂತರಿಸಿದ ಒಬ್ಬನನ್ನಂತೂ ಕಂಬಕ್ಕೆ ಕಟ್ಟಿ ಕೊಂದು ಸುಟ್ಟರು. ಆಮೇಲೆ ಅವನ ಮಾತುಗಳನ್ನೇ ಎತ್ತಿಕೊಂಡು ರಾಜಮುದ್ರೆ ಒತ್ತಿದರು. ಅರ್ಥವಾಗುವುದು ಹೆದರಿಕೆಯ ವಿಷಯವೆಂದು ಸುಟ್ಟವರಿಗೆ ತಿಳಿದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೆಟ್ಟಿದ್ದ ನನಗೆ ತಿಳಿದಿರಲಿಲ್ಲ.

ಇಂಗ್ಲಿಷರ ನಾಡಿನ ಗ್ರೀನ್‌ಫರ್ಡಿನಲ್ಲಿ ನಾನೂ ಬೆಳಗಾವಿಯ ಗೆಳೆಯ ಬಸುವೂ ಬಾಡಿಗೆಗಿರುವ ಮನೆ ಡೋರತಿ ಎಂಬ ಅಜ್ಜಿಯದು. ಅವರು ಪ್ರತಿ ಭಾನುವಾರ ಚರ್ಚಿನಿಂದ ಬಂದು, ಚಹಾ ಕುಡಿಯುತ್ತ ತಮ್ಮ ಆ ರಾಜಮುದ್ರೆಯ ಹಳೆಯ ಬೈಬಲ್ಲಿನ ಗಂಭೀರ ಇಂಗ್ಲಿಷನ್ನು ಹೊಗಳುತ್ತಿದ್ದರು. ದೇವರನ್ನೇ ನಂಬದ ನನಗೆ ದೇವರ ಭಾಷೆಯ ಗೊಡವೆ ಯಾಕೆ? ಆದರೂ ವಾದಕ್ಕಿಳಿದೆ. ಅದೂ ಒಂದು ಕಾಲದ ಬೀದಿಮಾತೇ, ಮುಪ್ಪಾಗಿ ಮಡಿಯಾಯಿತು ಎಂದೆ. ಚಿಕ್ಕಂದಿನಲ್ಲಿ ನಾನು ಕಂಠಪಾಠ ಒಪ್ಪಿಸುತ್ತಿದ್ದ ಮಂತ್ರದ ಅರ್ಥ ತಿಳಿದ ದಿನ, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಿಂತು ದಿನಾ ದೇವರ ಬಳಿ ದನ ಬೇಡುತ್ತಿದ್ದೆನೆಂದು ಗೊತ್ತಾದದ್ದನ್ನೂ ಹೇಳಿದೆ. ಡೋರತಿ ನಕ್ಕು, "ಹಾಗಾದರೆ ಹೊಸದನ್ನೇ ತಂದುಕೊಡು" ಎಂದರು. ಮರುದಿನವೇ ಆಡುಮಾತಿನ ಬೈಬಲ್ ತಂದುಕೊಟ್ಟೆ.

ಮುಂದಿನ ಭಾನುವಾರ ಡೋರತಿ ಚಹಾ ಮುಟ್ಟದೆ ಹೊಸ ಪುಸ್ತಕವನ್ನು ನನ್ನ ಮುಂದಿಟ್ಟರು.

"ಹಳೆಯದರಲ್ಲಿ 'ಕ್ಷಮಿಸು' ಅನ್ನೋದು ಹಾಡಿನ ಹಾಗೆ ಕೇಳಿಸುತ್ತಿತ್ತು. ಇದರಲ್ಲಿ ತೆರಿಗೆ ಕಟ್ಟು ಅನ್ನೋ ಊರ ಕೌನ್ಸಿಲ್ಲಿನ ನೋಟಿಸಿನ ಹಾಗಿದೆ. ನನ್ನ ಹೆಸರಿಗೇ ಬಂದಿದೆ."

ಆಗ ವಿಷಯ ಹೊರಬಿತ್ತು. ಅವರ ತಾಯಿಯ ಅಂತ್ಯಕ್ರಿಯೆಯಲ್ಲಿ ತಂಗಿ ಮಾರ್ಗರೆಟ್ ಆಡುಮಾತಿನ ಬೈಬಲ್ ಓದಬೇಕೆಂದಿದ್ದಳಂತೆ. ಅಮ್ಮನ ಶವದ ಮುಂದೆ ಅಡುಗೆಮನೆಯ ಮಾತೇ ಎಂದು ಡೋರತಿ ಗದರಿದರಂತೆ. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಬರುವ ಮಂಗಳವಾರ ಡೋರತಿಗೆ ಹೃದಯದ ಆಪರೇಷನ್.

"ಮಾರ್ಗರೆಟ್ ಹೇಳಿದ್ದೇ ಸರಿ ಅಂತ ನೀನೇ ಸಾಧಿಸಿದೆ. ನನಗೆ ಧೈರ್ಯವಿಲ್ಲ. ನೀನೇ ಫೋನ್ ಮಾಡು."

ಎರಡೂ ಪಕ್ಷ ವಾದಿಸಬಲ್ಲವನಲ್ಲವೇ ನಾನು? ಹಳೆಯ ಇಂಗ್ಲಿಷಿನ ಪರವಾಗಿ ತಕ್ಷಣ ಮಾತು ತೆಗೆದೆ. ಡೋರತಿ ಅಡ್ಡಡ್ಡ ತಲೆಯಾಡಿಸಿದರು.

"ತಡವಾಯಿತು ಮಗೂ. ನನಗೆ ಅರ್ಥವಾಗಿಬಿಟ್ಟಿದೆ."

"ಗೆದ್ದಿಯಲ್ಲೋ ಪಂಡಿತಾ, ಈಗ ಅನುಭೋಗ್ಸು," ಎಂದು ಪಕ್ಕದಲ್ಲಿ ಕೂತಿದ್ದ ಬಸು ಕನ್ನಡದಲ್ಲಿ ಗೊಣಗಿದ.

ಮಾರ್ಗರೆಟ್ ನಂಬರು ಒತ್ತಿ, ಏನು ಹೇಳಬೇಕೆಂದು ಕೇಳಿದೆ. "ವೈದ್ಯಕೀಯ ಏರ್ಪಾಡುಗಳ ದೃಷ್ಟಿಯಿಂದ, ಅನುಕೂಲವಾದಲ್ಲಿ, ಒಂದು ಭೇಟಿ ಸೂಕ್ತವೆನಿಸಬಹುದು ಅನ್ನು" ಎಂದರು ಡೋರತಿ. ಅತ್ತ ರಿಂಗಾಗುತ್ತಿತ್ತು.

"ನೆಟ್ಟಗ ಹೇಳಪಾ," ಎಂದ ಬಸು.

ಹಲೋ ಎಂದಿತು ಮುದಿಧ್ವನಿ. ನಾನು ಯಾರೆಂದು ಹೇಳಿಕೊಂಡೆ. ಜೀವನದಲ್ಲಿ ಮೊದಲ ಸಲ ಮುನ್ನುಡಿಗೆ ಮಾತು ಸಿಗಲಿಲ್ಲ. ಸರಳ ಮಾತಿನಲ್ಲಿ ಅವಿತುಕೊಳ್ಳಲು ಒಂದು ಮೂಲೆಯೂ ಇರುವುದಿಲ್ಲ; ಇದನ್ನು ನಾನು ಇನ್ನೊಬ್ಬರಿಗೆ ಎಷ್ಟು ಸಲೀಸಾಗಿ ಶಿಫಾರಸು ಮಾಡಿದ್ದೆ!

"ನಿಮ್ಮ ಅಕ್ಕನಿಗೆ ಹೆದರಿಕೆಯಾಗಿದೆ. ಅವರದೇ ತಪ್ಪಂತೆ. ಮಂಗಳವಾರದೊಳಗೆ ಬರ್ತೀರಾ?"

ಅತ್ತ ಕುರ್ಚಿ ಎಳೆದುಕೊಂಡ ಸದ್ದಾಯಿತು. ಇತ್ತ ಡೋರತಿ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು.

"ಮಾರ್ಗರೆಟ್, ಬರ್ತೀರಾ?"