ನಮ್ಮ ಬೀದಿಯ ಅಣು ತಪಾಸಣೆ

ಜಗತ್ತಿನ ಅಣುಸ್ಥಾವರಗಳ ಚಿಂತೆಯಲ್ಲಿ ಬೆಳಗಿನ ಕಾಫಿ ತಣ್ಣಗಾಗಿಸಿಕೊಳ್ಳುವ ಮನುಷ್ಯ ಇಡೀ ಬೈರಕೂರಿಗೆ ಒಬ್ಬರೇ. ಅವರು ನಮ್ಮ ಮನೆಯಲ್ಲೇ ಇರಬೇಕೆ! ನಮ್ಮ ಮಾವನವರ ತಮ್ಮ, ನನಗೆ ಚಿಕ್ಕಮಾವ. ಅಡುಗೆಯ ವಿಷಯದಲ್ಲಿ ಮಾತ್ರ ಅವರಷ್ಟು ಒಳ್ಳೆಯವರಿಲ್ಲ. ಒಗ್ಗರಣೆ ಹಾಕಿದ್ದೇ ತಡ, “ಬೀದಿಗೆಲ್ಲಾ ಘಮ್ ಅಂತೈತೆ ಕಣಮ್ಮಾ” ಅನ್ನುತ್ತಾರೆ.

ನಾನು ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಪೇಪರ್ ಹಿಡಿದು ಬಂದರು.

“ಒಂದು ದೇಶದ ಸ್ಥಾವರಾನ ಬೇರೆ ದೇಶದೋರು ಬಂದು ತಪಾಸಣೆ ಮಾಡ್ತಾರಂತೆ. ಮಾತು ಬಿಟ್ಟಿರೋ ದೇಶದೋರೂ ಒಟ್ಟಿಗೆ ಕೂತ್ಕೋತಾರಂತೆ!”

“ಅವರಿಗ್ಯಾಕೆ ಮಾವಾ ಊರ ಉಸಾಬರಿ? ಆಚೆ ನಿಂತ್ಕೊಳಿ, ಕಾಳು ತುಳೀತೀರ.”

“ಒಂದ್ಕಡೆ ಸೋರಿದ್ರೆ ಗಾಳಿ ಹೊತ್ಕೊಂಡು ಹೋಗಲ್ವೇನಮ್ಮಾ? ಗಾಳಿಗ್ಯಾವ ಚೆಕ್‌ಪೋಸ್ಟು? ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳಲ್ಲ. ಹೊರಗಿನೋರೇ ನೋಡ್ಬೇಕು.”

ಹೊರಗಿನವರು ಯಾರು? ಎದುರು ಮನೆಯಾಕೆ! ನಮ್ಮ ಬಚ್ಚಲ ನೀರು ಅವಳ ಬಾಗಿಲಿಗೆ ಹರಿಯಿತೆಂದು ಮಾತು ಬಿಟ್ಟಿದ್ದವಳು. ರಂಗೋಲಿ ಹಾಕುವಾಗಲೂ ನಮ್ಮ ಕಡೆಗೆ ಬೆನ್ನು. ಚಿಕ್ಕಮಾವ ತಾವೇ ಹೋಗಿ, ಎರಡೂ ಮನೆಯ ಗ್ಯಾಸ್ ಒಲೆಗೆ ಪರಸ್ಪರ ತಪಾಸಣೆ ಎಂದು ಒಪ್ಪಿಸಿ ಬಂದರು.

ಶುಕ್ರವಾರ ಆಕೆ ಮುಖ ಬಿಗಿದುಕೊಂಡೇ ಬಂದಳು. “ಈ ಪೈಪು ನಿಮ್ಮತ್ತೆ ಕಾಲದ್ದಾ?” ಅಂದಳು. ನನಗೆ ಮೈಯೆಲ್ಲಾ ಉರಿಯಿತು. ಆದರೆ ಶುಕ್ರವಾರ ಮನೆಗೆ ಬಂದ ಮುತ್ತೈದೆಯನ್ನು ಅರಿಶಿನ ಕುಂಕುಮ ಕೊಡದೆ ಕಳಿಸುವುದುಂಟೆ? ಕೊಟ್ಟೆ. ಮುಂದಿನ ವಾರ ಸೇಡು ತೀರಿಸಿಕೊಳ್ಳಲು ಹೋದೆ. ಅವಳ ಸಿಲಿಂಡರಿನ ಪಕ್ಕದಲ್ಲೇ ದೇವರ ದೀಪ! “ದೇವರಿಗೇ ಭಯ ಆಗಿರ್ತದೆ ಕಣೇ” ಅಂದೆ. ನಕ್ಕುಬಿಟ್ಟಳು. ಕುಂಕುಮ ಕೊಟ್ಟು, ಹೂವನ್ನೂ ಮುಡಿಸಿದಳು. ದೊಡ್ಡ ದೇಶಗಳಿಗೆ ಈ ಉಪಾಯ ಯಾರಾದರೂ ಹೇಳಬಾರದೆ?

ಮೊನ್ನೆ ನನ್ನ ಪುಟ್ಟ ಮೊಮ್ಮಗಳನ್ನು ಚಿಕ್ಕಮಾವನ ಹತ್ತಿರ ಬಿಟ್ಟು ದೇವಸ್ಥಾನಕ್ಕೆ ಹೋಗಿದ್ದೆ. ಬಂದರೆ ಮನೆಯ ಬಾಗಿಲು, ಕಿಟಕಿ ಎಲ್ಲಾ ತೆರೆದಿವೆ. ಎದುರು ಮನೆಯಾಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಾಳೆ. ಗಾಬರಿಗೆ ಅವಳ ಮನೆಮಾತು ತೆಲುಗೇ ಬಾಯಿಗೆ ಬಂತು.

“ಏಮ್ಮಾ, ವೀಧಂತಾ ಗ್ಯಾಸ್ ವಾಸನ! ಹಾಲು ಉಕ್ಕಿ ಒಲೆ ಆರೋಗೈತೆ. ನಿಮ್ಮ ಮಾವ ನೋಡಿದ್ರೆ ಅಲ್ಲೇ ಕೂತು ಪೇಪರ್ ಓದ್ತಾವ್ರೆ! ನಾನೇ ಓಡ್ಬಂದು ಆಫ್ ಮಾಡ್ದೆ.”

“ಅಷ್ಟು ವಾಸನೆ ಗೊತ್ತಾಗ್ಲಿಲ್ವಾ ಮಾವಾ?” ಎಂದು ಕೂಗಿಬಿಟ್ಟೆ.

ಅವರು ತಲೆ ಎತ್ತಲಿಲ್ಲ. “ಆ ಕೊರೋನಾ ಜ್ವರ ಬಂದು ಹೋದ್ಮೇಲೆ ನನ್ನ ಮೂಗಿಗೆ ಏನೂ ಗೊತ್ತಾಗಲ್ಲ ಕಣಮ್ಮಾ. ಹೇಳಿದ್ರೆ ಮಗೂನ ನನ್ನ ಹತ್ರ ಬಿಡಲ್ಲ ಅಂತ ಹೇಳ್ಲಿಲ್ಲ. ಅದಕ್ಕೇ ಎದುರು ಮನೆಯೋರಾದ್ರೂ ಬಂದು ಹೋಗ್ತಿರ್ಲಿ ಅಂತ…”

ಹಾಗಾದರೆ ನನ್ನ ಒಗ್ಗರಣೆಯ ಘಮ? ಸಾಸಿವೆ ಚಟಪಟ ಅಂದ ಸದ್ದಿಗೇ ಅಷ್ಟು ಹೊಗಳುತ್ತಿದ್ದರಾ?

ಮಗು ಉಳಿಯಿತು, ಅವರು ಉಳಿದರು. ಸ್ವಾಮಿ, ಇಷ್ಟು ಸಾಕು.

“ಇನ್ಮೇಲೆ ನಾನಿಲ್ದಾಗ ಒಲೆ ಹಚ್ಬೇಡಿ ಮಾವಾ. ಹಾಲು ನನಗಿರ್ಲಿ, ಮಗು ನಿಮಗಿರ್ಲಿ” ಎಂದು ಮೊಮ್ಮಗಳನ್ನು ಅವರ ತೊಡೆಯ ಮೇಲೆ ಕೂರಿಸಿ, ಹಾಲು ಸೀದು ಅಂಟಿದ್ದ ಒಲೆ ತಿಕ್ಕಲು ಒಳಗೆ ಹೋದೆ.