ಯತಿರಾಜನ ನಿದ್ದೆಯ ಹಕ್ಕು

ಯತಿರಾಜ ಮಾಡಿದ ತಪ್ಪು ಒಂದೇ. ಭಾನುವಾರ ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ಬಂದು ದಿಂಬಿಗೆ ತಲೆ ಕೊಟ್ಟಿದ್ದ. ಎದುರು ಶೆಡ್ಡಿನಲ್ಲಿ ಆವುಲಪ್ಪನ ಕಟಿಂಗ್ ಮಿಷನ್ ಕಿರ್ರೆಂದು ಕಬ್ಬಿಣ ಕೊಯ್ಯತೊಡಗಿತು. "ಈ ಬೀದೀಲಿ ಕೇಳೋರೇ ಇಲ್ವಾ!" ಎಂದು ಗಟ್ಟಿಯಾಗಿ ಅಂದುಬಿಟ್ಟ.

ಕೇಳುವವರು ಪಕ್ಕದ ಕೋಣೆಯಲ್ಲೇ ಇದ್ದರು. ಮಗಳು ನಂದಿತಾ ಕೃಷ್ಣಗಿರಿಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ನಡೆದ ಪ್ರಜಾಪ್ರಭುತ್ವ ತರಬೇತಿ ಮುಗಿಸಿ ಹಿಂದಿನ ಸಂಜೆಯಷ್ಟೇ ಬಂದಿದ್ದಳು. ಸಭೆ ಹೇಗೆ ಕರೆಯಬೇಕು, ಅಧಿಕಾರದಲ್ಲಿರುವವರ ಮುಂದೆ ಹೇಗೆ ಮಾತಾಡಬೇಕು, ಎಲ್ಲ ಕಲಿಸಿದ್ದರು. ಕಡೆಯ ಪಾಠ ಮಾತ್ರ ಬಾಕಿ: ಅವರವರ ಬೀದಿಯ ಒಂದು ಸಮಸ್ಯೆ ಹಿಡಿದು ಬಗೆಹರಿಸಬೇಕು. ಹೊಸೂರಿನ ಮೂಕಂಡಪಲ್ಲಿಯಲ್ಲಿ ಸಮಸ್ಯೆಗಳಿಗೆ ಬರವೇನಿಲ್ಲ. ಆದರೆ ಲುಂಗಿ ಸುತ್ತಿಕೊಂಡು ಸ್ವಂತ ಮನೆಯಲ್ಲೇ ಮಲಗಿರುವ ಸಮಸ್ಯೆ ಎಷ್ಟು ಜನಕ್ಕೆ ಸಿಕ್ಕೀತು?

"ಅಪ್ಪಾ, ಏಳು. ನಿನ್ನ ನಿದ್ದೆ ವಿಷಯ ಮಾತಾಡ್ಬೇಕು."

"ಒಂದು ನಿದ್ದೆ ತೆಗೆದು ಮಾತಾಡಣ ಕಣಮ್ಮ."

"ಅದೇ ಬತ್ತಾ ಇಲ್ವಲ್ಲ, ಅದಕ್ಕೇ ಮಾತಾಡ್ಬೇಕಿರೋದು."

ಹೊರಗೆ ಬಂದರೆ ಹಾಲ್ ತುಂಬ ಮಗಳು ಕರೆಸಿದ ಹುಡುಗರು. ನಡುವೆ ನಂದಿತಾಳ ಸಹಪಾಠಿ ಕುಮಾರೇಶ್, ತಮಿಳಿನಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವ ಹುಡುಗ. ಪೇಷಂಟನ್ನು ಸುತ್ತುವರಿದ ಡಾಕ್ಟರುಗಳಂತೆ ಎಲ್ಲರೂ ಪ್ರಶ್ನೆ ಕೇಳಿದರು. ಯತಿರಾಜ ಆಕಳಿಸುತ್ತ ಹೇಳಿದ. ಮೂರು ತಿಂಗಳಿಂದ ಬಿಡುವಿಲ್ಲದೆ ನೈಟ್ ಶಿಫ್ಟೇ. ಹಗಲಿಗೆ ಹಾಕಿ ಎಂದು ಸೂಪರ್‌ವೈಸರನ್ನು ಬೇಡಿ ಬೇಡಿ ನಾಲಿಗೆ ಸವೆದಿದೆ. ಮನೆಗೆ ಬಂದರೆ ಈ ಕಿರ್ರೋ ಕಿರ್ರು. ಹೋದ ವಾರ ಪ್ರೆಸ್ ಮಿಷನ್ ಮುಂದೆಯೇ ತೂಕಡಿಸಿದ್ದ.

"ಪಕ್ಕದೋನು ಕೈ ಹಿಡಿದು ಎಳೆದ, ಬೆರಳು ಉಳೀತು," ಎಂದ, ಬಸ್ಸು ತಪ್ಪಿದ ವಿಷಯ ಹೇಳುವಷ್ಟು ಸಲೀಸಾಗಿ.

ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಉಷಾರಾಣಿಯ ಸೌಟು ನಿಂತುಹೋಯಿತು.

ನಂದಿತಾ ಎದ್ದಳು. "ಎರಡು ತಂಡ ಮಾಡ್ಕೊಳ್ಳಣ. ಕುಮಾರೇಶ್, ನೀನು ಕಂಪನಿ ಯೂನಿಯನ್ನಿನ ಮುರಳಿಕೃಷ್ಣ ಅಣ್ಣನ್ನ ಹಿಡಿ, ಶಿಫ್ಟ್ ವಿಷಯ ಕೇಳು. ಬೀದಿ ಗಲಾಟೆ ನಾವು ನೋಡ್ಕೋತೀವಿ. ಯಾವುದಾದ್ರೂ ಒಂದು ಗೆದ್ದೇ ಗೆಲ್ತೀವಿ."

"ಗೆದ್ಕೊಂಡು ಬನ್ನಿ ತಾಯಿ. ನಾನು ಮಲಗಿರ್ತೀನಿ."

"ನೀನಿಲ್ದೆ ಹೆಂಗಪ್ಪಾ? ತೊಂದರೆ ಪಟ್ಟೋರೇ ಮುಂದೆ ನಿಂತಿರ್ಬೇಕು. ಅದೇ ಮೊದಲನೇ ಪಾಠ."

ಹೀಗೆ ಯತಿರಾಜನ ನಿದ್ದೆಗಾಗಿ ಯತಿರಾಜನ ಮೆರವಣಿಗೆ ಹೊರಟಿತು.

ಆವುಲಪ್ಪ ಜಗಳಕ್ಕೆ ತಯಾರಾಗಿಯೇ ಇದ್ದ. "ಏನ್ಲಾ ಯತಿರಾಜ, ದಂಡು ಕಟ್ಕೊಂಡು ಬಂದಿದ್ದೀಯಾ?"

"ಜಗಳಕ್ಕಲ್ಲ ಮಾವ. ಮೊದಲು ನಿಮ್ಮ ಕಷ್ಟ ಹೇಳಿ, ಕೇಳ್ತೀವಿ," ಎಂದು ನಂದಿತಾ ಅವನ ಮುಂದೆ ಸ್ಟೂಲು ಎಳೆದು ಕೂತಳು.

ಆವುಲಪ್ಪ ತಬ್ಬಿಬ್ಬಾದ. ಅವನ ಕಷ್ಟವನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. "ಗೇಟು ಮಾಡಿದ್ರೇನೇ ಗಂಜಿ ಕಣಮ್ಮ. ಕಬ್ಬಿಣ ಕೊಯ್ಯದೆ ಹಲ್ಲಾಗೆ ಕಚ್ಚಿ ಮುರೀಲಾ?"

"ಕೊಯ್ಯಬೇಡಿ ಅಂತಲ್ಲ ಮಾವ. ಯಾವಾಗ ಕೊಯ್ದ್ರೆ ಇಬ್ಬರಿಗೂ ಆಗ್ತದೆ, ಅದನ್ನ ನೋಡಣ ಅಂತ."

ಯತಿರಾಜ ತಿಂಗಳುಗಟ್ಟಲೆ ಕೂಗಾಡಿ ಗಳಿಸಿದ್ದು ಆವುಲಪ್ಪನ ಹಗೆ ಮಾತ್ರ. ಮಗಳು ಕೂತ ಜಾಗದಲ್ಲೇ ಎಲ್ಲರಿಗೂ ಟೀ ಗಳಿಸಿದಳು. ಅದನ್ನು ಮೆಚ್ಚಬೇಕೆಂದುಕೊಳ್ಳುತ್ತಲೇ ಅವನು ಕಬ್ಬಿಣದ ರಾಶಿಗೆ ಒರಗಿ ಗೊರಕೆ ಹೊಡೆದ. ತಕ್ಷಣ ಎಬ್ಬಿಸಿದರು. ಕೌನ್ಸಿಲರ್ ಮನೆಗೆ ಹೋಗಬೇಕಿತ್ತು.

ಕೌನ್ಸಿಲರಮ್ಮ ಅವನನ್ನು ಕಂಡವರೇ ಮೈ ಹುಷಾರಿಲ್ಲವೇನೋ ಎಂದು ಗಾಬರಿಯಾದರು. "ಅಯ್ಯೋ, ಇವರುಕ್ಕು ಉಡಂಬು ಸರಿಯಿಲ್ಲಿಯಾ?"

ನಂದಿತಾ ತಡವರಿಸದೆ ತಮಿಳಿನಲ್ಲೇ ವಿವರಿಸಿದಳು. ರಾತ್ರಿ ದುಡಿಯುವವರು ಎಷ್ಟು ಮನೆಗಳಲ್ಲಿದ್ದಾರೆ, ಆವುಲಪ್ಪನಿಗೂ ನಷ್ಟವಾಗದಂತೆ ಏನು ಮಾಡಬಹುದು, ಒಂದೊಂದೂ ಹೂ ಕಟ್ಟಿದ ಹಾಗೆ. ಹೊಸೂರಿಗೆ ಬಂದು ಇಷ್ಟು ವರ್ಷವಾದರೂ ಆಫೀಸುಗಳಲ್ಲಿ 'ಸರಿಂಗ ಸಾರ್' ಬಿಟ್ಟು ಬೇರೆ ಮಾತಾಡದ ಯತಿರಾಜನ ಎದೆ ಉಬ್ಬಿತು. ಕಣ್ಣು ಮಾತ್ರ ಬಿಡಲಾಗಲಿಲ್ಲ.

"ಬೀದಿಯವರು ಒಪ್ಪಿದರೆ ನಾನೂ ನಿಮ್ಮ ಕಡೆಗೇ," ಎಂದರು ಕೌನ್ಸಿಲರಮ್ಮ.

ಸಂಜೆ ನೀರಿನ ಟ್ಯಾಂಕಿನ ಕೆಳಗೆ ಬೀದಿಯೆಲ್ಲ ಸೇರಿತು. ನಂದಿತಾ ಮುಂದಿಟ್ಟ ಸೂಚನೆ ಇಷ್ಟೇ: ಹಗಲೆಲ್ಲ ಮಿಷನ್ ಬಂದ್, ದೀಪ ಹಚ್ಚಿದ ಮೇಲೆ, ರಾತ್ರಿ ಊಟದ ಹೊತ್ತು ಮೀರುವವರೆಗೆ ಆವುಲಪ್ಪ ಎಷ್ಟು ಬೇಕಾದರೂ ಕೊಯ್ಯಬಹುದು.

ಮುನಿವೆಂಕಟಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಅಂಗಾದ್ರೆ ನಮ್ಮ ಸೀರಿಯಲ್ಲು? ಅತ್ತೆ ಸೊಸೆಗೆ ಏನು ಅಂದ್ಲು ಅಂತ ನಾನು ಬಾಯಿ ನೋಡಿ ತಿಳ್ಕೋಬೇಕಾ?"

ಅರ್ಧ ಬೀದಿ ಅವಳ ಕಡೆಗೆ ಹೋಯಿತು. ಆವುಲಪ್ಪನೂ ಎದ್ದ. "ಏನೇ ಆಗ್ಲಿ, ದಿನಕ್ಕೊಂದು ಮಾತು ಬ್ಯಾಡ. ಒಂದು ಸತಿ ತೀರ್ಮಾನ ಆದ್ರೆ ಮೂರು ತಿಂಗಳು ಅಲ್ಲಾಡಿಸಂಗಿಲ್ಲ." ಅದಕ್ಕೆ ಎಲ್ಲರೂ ಒಪ್ಪಿದರು.

ನಂದಿತಾ ಕೈ ಎತ್ತಿಸಿದಳು. ಎಣಿಸಿದರೆ ಎರಡೂ ಕಡೆ ಸಮ. ಮತ್ತೆ ಎಣಿಸಿದರೂ ಸಮ. ಆಗಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅರೆನಿದ್ದೆಯಲ್ಲಿದ್ದ ಯತಿರಾಜನಿಗೆ ಹೊಟ್ಟೆಯಾಳದಿಂದ ಒಂದು ಆಕಳಿಕೆ ಬಂತು. ಎರಡೂ ತೋಳು ಮೇಲೆತ್ತಿ ಮೈಮುರಿದ.

"ಒಂದು ಕೈ ಸಾಕಪ್ಪಾ!" ಎಂದಳು ನಂದಿತಾ. ಸೂಚನೆ ಗೆದ್ದಿತು. ಚಪ್ಪಾಳೆ ಬಿತ್ತು.

ಅದು ನಿಲ್ಲುವ ಮೊದಲೇ ಕುಮಾರೇಶನ ಬೈಕು ಬಂದು ನಿಂತಿತು. ಹಿಂದೆ ಮುರಳಿಕೃಷ್ಣ.

"ಯತಿರಾಜಣ್ಣ, ನಿನ್ನ ಕೆಲಸ ಆಯ್ತು! ಈ ಹುಡುಗ ಬೆಳಗಿಂದ ನನ್ನ ಮನೆ ಜಗುಲಿ ಬಿಟ್ಟು ಎದ್ದಿಲ್ಲ. 'ಒಬ್ಬರೇ ಯಾಕೆ ರಾತ್ರಿಯೆಲ್ಲ ಸಾಯ್ಬೇಕು, ಸರದಿ ಯಾಕಿಲ್ಲ' ಅಂತ ಒಂದೇ ಪಟ್ಟು. ಮ್ಯಾನೇಜರ್‌ಗೇ ಫೋನ್ ಹಾಕಿದೆ, ಒಪ್ಪಿದ್ರು. ಇನ್ನು ಮೂರು ತಿಂಗಳು ನಿಂಗೆ ಫಸ್ಟ್ ಶಿಫ್ಟೇ. ನಾಳೆ ಕೋಳಿ ಕೂಗೋ ಮುಂಚೆ ಕಂಪನಿ ಬಸ್ಸು, ತಪ್ಪಿಸ್ಬೇಡ."

ಯತಿರಾಜ ಚಂಗನೆ ಎದ್ದು ಕುಮಾರೇಶನನ್ನು ತಬ್ಬಿಕೊಂಡ. ಮೂರು ತಿಂಗಳು ತನ್ನ ಬಾಯಿಂದ ಆಗದ್ದನ್ನು ಮೀಸೆ ಸರಿಯಾಗಿ ಮೂಡದ ಹುಡುಗ ಒಂದೇ ದಿನದಲ್ಲಿ ಮಾಡಿದ್ದ! ಇನ್ನೇನು, ಬೇಗ ಉಣ್ಣುವುದು, ಬೇಗ ಮಲಗುವುದು, ಜಾವದಲ್ಲಿ ಏಳುವುದು.

ಬೀದಿಯ ದೀಪಗಳು ಹತ್ತಿಕೊಂಡವು. ಎದುರು ಶೆಡ್ಡಿನಲ್ಲಿ, ಬೀದಿಯ ತೀರ್ಮಾನಕ್ಕೆ ತಲೆಬಾಗಿ, ಆವುಲಪ್ಪ ಶ್ರದ್ಧೆಯಿಂದ ಮಿಷನ್ ಹಚ್ಚಿದ.

ಕಿರ್ರ್...

ತಬ್ಬಿದ ತೋಳು ಹಾಗೇ ಸಡಿಲವಾಯಿತು. "ನಂದೂ..." ಎಂದ ಯತಿರಾಜ, ನೀರಲ್ಲಿ ಮುಳುಗುವವನ ದನಿಯಲ್ಲಿ.

ನಂದಿತಾ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಅಪ್ಪಾ! ಎರಡೂ ಗೆದ್ದುಬಿಟ್ರೆ ಏನು ಮಾಡ್ಬೇಕು ಅಂತ ತರಬೇತೀಲಿ ಹೇಳ್ಕೊಡಲೇ ಇಲ್ಲ."

"ತೀರ್ಮಾನ ಬದಲಾಯಿಸಮ್ಮ!"

"ಮೂರು ತಿಂಗಳು ಅಲ್ಲಾಡಿಸಂಗಿಲ್ಲಪ್ಪಾ. ಅದೂ ಅಲ್ದೆ, ಗೆಲ್ಲಿಸಿದ್ದೇ ನಿನ್ನ ಕೈ."

ಮುನಿವೆಂಕಟಮ್ಮ ಹಾದುಹೋಗುತ್ತ ಅವನನ್ನು ನುಂಗುವ ಹಾಗೆ ನೋಡಿದಳು. ಯತಿರಾಜ ಕುರ್ಚಿಯ ಮೇಲೆ ಕುಸಿದ. ಹುಡುಗರು ಅದಾಗಲೇ ಮುಂದಿನ ವಾರ ಹಿಡಿಯಬೇಕಾದ ಸಮಸ್ಯೆಯ ಚರ್ಚೆಗೆ ಇಳಿದಿದ್ದರು. ನಡುವೆ ನಿಂತ ಮಗಳ ಮುಖ ನೋಡಿದರೆ ಬೈಯಲೂ ಮನಸ್ಸು ಬರಲಿಲ್ಲ. ಬಂದದ್ದು ಆಕಳಿಕೆ. ತೋಳೆತ್ತಲು ಹೋದವನು ಗಕ್ಕನೆ ನಿಂತು ಸುತ್ತಲೂ ನೋಡಿದ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಭದ್ರವಾಗಿ ಸಿಕ್ಕಿಸಿಕೊಂಡು ಬಾಯಿ ತುಂಬ ಆಕಳಿಸಿದ.